ಅಂಚೆ ಕಚೇರಿ ಯಾರದು? ಮೆಸೇಜಿಂಗ್ ಆ್ಯಪ್ ಆರಿಸುವ ಮುನ್ನ

2021ರ ಅಕ್ಟೋಬರ್ 4, ಸೋಮವಾರ. ಮಹಾಲಯ ಅಮಾವಾಸ್ಯೆಗೆ ಇನ್ನೆರಡು ದಿನ. ರಾತ್ರಿ ಒಂಬತ್ತು ದಾಟುತ್ತಿದ್ದಂತೆ ವಾಟ್ಸಾಪ್ ನಿಂತಿತು. ಜೊತೆಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಕೂಡ. ಜನ ವೈಫೈ ಆಫ್ ಮಾಡಿ ಆನ್ ಮಾಡಿದರು, ಫೋನ್ ರೀಸ್ಟಾರ್ಟ್ ಮಾಡಿದರು, ಕೊನೆಗೆ ಬೈದುಕೊಂಡು ಮಲಗಿದರು. ನಡೆದದ್ದು ಇಷ್ಟು: ನಿರ್ವಹಣೆಗೆಂದು ಕೊಟ್ಟ ಒಂದು ಕಮಾಂಡ್ ಫೇಸ್‌ಬುಕ್ ಕಂಪನಿಯ ಡೇಟಾ ಸೆಂಟರ್‌ಗಳ ನಡುವಿನ ಸಂಪರ್ಕವನ್ನೇ ಕಡಿದು ಹಾಕಿತ್ತು. ಸರಿಯಾಗಲು ಸುಮಾರು ಆರು ಗಂಟೆ ಬೇಕಾಯಿತು.

ಇನ್ನೊಂದು ಸೋಮವಾರ, 2025ರ ಅಕ್ಟೋಬರ್ 20. ಅವತ್ತು ನರಕ ಚತುರ್ದಶಿ. ನಮ್ಮಲ್ಲಿ ಎಣ್ಣೆ ಸ್ನಾನ ಮುಗಿದು ಹಬ್ಬದ ಊಟಕ್ಕೆ ಕೂರುವ ಹೊತ್ತು. ಅತ್ತ ಅಮೆರಿಕದ ವರ್ಜೀನಿಯಾದಲ್ಲಿ ಅಮೆಜಾನ್ ಕಂಪನಿಯ ಸರ್ವರ್‌ಗಳು ಕೈಕೊಟ್ಟವು. ಅವುಗಳನ್ನು ನಂಬಿಕೊಂಡಿದ್ದ ಎಷ್ಟೋ ಸೇವೆಗಳು ಬಿದ್ದವು. ಅವುಗಳಲ್ಲಿ ಸಿಗ್ನಲ್ ಎಂಬ ಮೆಸೇಜಿಂಗ್ ಆ್ಯಪ್ ಕೂಡ ಒಂದು. ಗುಟ್ಟು ಕಾಯುವುದರಲ್ಲಿ ಎತ್ತಿದ ಕೈ ಎಂದು ಭದ್ರತೆಯ ಪಂಡಿತರೆಲ್ಲ ಹೊಗಳುವ ಅದೇ ಸಿಗ್ನಲ್.

ಎರಡು ದಿನವೂ ಮೆಸೇಜನ್ನು ಗುಟ್ಟಾಗಿಡುವ ಬೀಗಕ್ಕೆ ಏನೂ ಆಗಿರಲಿಲ್ಲ. ಕೆಟ್ಟಿದ್ದು ದಾರಿ.

'ಪ್ರೈವೆಟ್ ಆಗಿರುವ, ವಿಕೇಂದ್ರೀಕೃತವಾದ, ಅಂದರೆ ಒಂದೇ ಕಂಪನಿಯ ಕೈಯಲ್ಲಿರದ ಒಂದು ಆ್ಯಪ್ ಹೇಳಿ' ಎಂದು ಯಾರಾದರೂ ಕೇಳಿದಾಗ ನನಗೆ ಈ ಎರಡು ಸೋಮವಾರ ನೆನಪಾಗುತ್ತವೆ. ಆ ಒಂದೇ ವಾಕ್ಯದಲ್ಲಿ ಎರಡು ಬೇರೆ ಪ್ರಶ್ನೆಗಳಿವೆ. ನನ್ನ ಮಾತು ಯಾರ ಕಣ್ಣಿಗೆ ಬೀಳುತ್ತದೆ? ಅದು ಹೋಗುವ ದಾರಿ ಯಾರ ಕೈಯಲ್ಲಿದೆ? ಮೊದಲನೆಯದಕ್ಕೆ ಒಳ್ಳೆಯ ಉತ್ತರ ಇರುವ ಆ್ಯಪ್‌ಗೆ ಎರಡನೆಯದಕ್ಕೂ ಇರಬೇಕೆಂದೇನಿಲ್ಲ. ಕೆಲವೊಮ್ಮೆ ಒಂದನ್ನು ಸರಿಮಾಡಲು ಹೋದರೆ ಇನ್ನೊಂದು ಕೆಡುವುದೂ ಉಂಟು.

ಕಾರ್ಡು, ಕವರು, ಕವರಿನ ಮೇಲಿನ ವಿಳಾಸ

ಪೋಸ್ಟ್‌ಕಾರ್ಡಿನ ಕಾಲ ನೆನಪಿದೆಯಲ್ವಾ? 'ನಿಮ್ಮ ಮಗಳಿಗೆ ಗಂಡು ಮಗು ಅಂತೆ ಅಮ್ಮಾ' ಎಂದು ಪೋಸ್ಟ್‌ಮ್ಯಾನ್ ಗೇಟಿನಲ್ಲೇ ಹೇಳಿ ಕಾರ್ಡು ಕೈಗಿಡುತ್ತಿದ್ದ. ಇವತ್ತಿನ ಎಸ್‌ಎಂಎಸ್ ಹಾಗೇ, ಕಾರ್ಡು. ಮೊಬೈಲ್ ಕಂಪನಿ ಬೇಕೆಂದರೆ ಓದಬಹುದು.

ಟೆಲಿಗ್ರಾಂನ ಮಾಮೂಲಿ ಚಾಟ್ ಕವರಿನಲ್ಲಿ ಹೋಗುತ್ತದೆ. ಆದರೆ ಆ ಕವರನ್ನು ಬಿಚ್ಚುವ ಕೀಲಿ ಅಂಚೆ ಕಚೇರಿಯಲ್ಲೂ ಒಂದಿದೆ. ಬಹಳ ಜನ ಟೆಲಿಗ್ರಾಂ ಎಂದರೆ ಗುಟ್ಟಿನ ಆ್ಯಪ್ ಎಂದೇ ತಿಳಿದಿದ್ದಾರೆ. ನಿಜಕ್ಕೂ ಅಲ್ಲಿ 'ಸೀಕ್ರೆಟ್ ಚಾಟ್' ಎಂದು ಬೇರೆಯಾಗಿ ಶುರು ಮಾಡಿದರೆ ಮಾತ್ರ ಕೀಲಿ ನಿಮ್ಮಿಬ್ಬರ ಹತ್ತಿರ ಮಾತ್ರ ಇರುತ್ತದೆ. ಗ್ರೂಪ್‌ಗಳಿಗಂತೂ ಆ ಸೌಲಭ್ಯವೇ ಇಲ್ಲ.

ಅಂಟು ಹಚ್ಚಿದ ಇನ್‌ಲ್ಯಾಂಡ್ ಲೆಟರ್ ಅನ್ನು ಕಳಿಸಿದವರು, ಪಡೆದವರು ಇಬ್ಬರೇ ಬಿಚ್ಚಬಲ್ಲರು ಎಂದುಕೊಳ್ಳಿ. ಅದೇ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್. ಸಿಗ್ನಲ್ ಹೀಗೆ ಕೆಲಸ ಮಾಡುತ್ತದೆ. 2016ರ ಏಪ್ರಿಲ್‌ನಿಂದ ವಾಟ್ಸಾಪ್ ಕೂಡ ಸಿಗ್ನಲ್‌ನವರು ರೂಪಿಸಿದ ಅದೇ ವಿಧಾನವನ್ನು ಬಳಸುತ್ತದೆ. ಆದ್ದರಿಂದ 'ವಾಟ್ಸಾಪ್‌ನವರು ನಮ್ಮ ಮೆಸೇಜ್ ಓದುತ್ತಾರೆ' ಎಂಬ ಕಟ್ಟೆ ಮಾತನ್ನು ಹಾಗೆಯೇ ನುಂಗಬೇಡಿ. ಗೂಗಲ್ ಡ್ರೈವ್‌ಗೆ ಹೋಗುವ ಬ್ಯಾಕಪ್ ಬಗ್ಗೆ ತಲೆಕೆಡಿಸಿಕೊಳ್ಳುವುದು ಹೆಚ್ಚು ಉಪಯೋಗ. ಅದಕ್ಕೆ ಬೀಗ ಹಾಕುವ ಸೌಲಭ್ಯ ಬಂದದ್ದು 2021ರಲ್ಲಿ. ಸೆಟಿಂಗ್ಸ್‌ಗೆ ಹೋಗಿ ನೀವೇ ಆನ್ ಮಾಡಬೇಕು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಮನೆಗಳು ಬೇಕಾದಷ್ಟಿವೆ.

ಆದರೆ ಇನ್‌ಲ್ಯಾಂಡ್ ಲೆಟರ್‌ನ ಹೊರಗಡೆ ಏನಿರುತ್ತದೆ? ಯಾರಿಂದ, ಯಾರಿಗೆ, ಯಾವ ದಿನದ ಮುದ್ರೆ. ಅದನ್ನು ಓದಲು ಅಂಟು ಬಿಚ್ಚಬೇಕಿಲ್ಲ. ಇದನ್ನೇ ಮೆಟಾಡೇಟಾ ಎನ್ನುತ್ತಾರೆ. ಒಬ್ಬರು ರಾತ್ರಿ 11ಕ್ಕೆ ಹೃದಯದ ಡಾಕ್ಟರಿಗೆ, 11.10ಕ್ಕೆ ಊರಲ್ಲಿರುವ ಅಣ್ಣನಿಗೆ, 11.15ಕ್ಕೆ ಇನ್ಶೂರೆನ್ಸ್ ಏಜೆಂಟಿಗೆ ಮೆಸೇಜ್ ಹಾಕಿದ್ದಾರೆ ಎಂದುಕೊಳ್ಳಿ. ಒಳಗೆ ಏನು ಬರೆದಿದ್ದರು ಎಂದು ಬಿಡಿಸಿ ಹೇಳಬೇಕಾ?

ವಾಟ್ಸಾಪ್‌ಗೂ ಸಿಗ್ನಲ್‌ಗೂ ದೊಡ್ಡ ವ್ಯತ್ಯಾಸ ಇಲ್ಲಿದೆ. 2016ರಲ್ಲಿ ಅಮೆರಿಕದ ಒಂದು ಗ್ರ್ಯಾಂಡ್ ಜ್ಯೂರಿ (ಮೊಕದ್ದಮೆ ಹೂಡಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಸಿಗ್ನಲ್‌ನವರಿಂದ ಬಳಕೆದಾರರ ಮಾಹಿತಿ ಕೇಳಿತು. ಅವರ ಹತ್ತಿರ ಕೊಡಲು ಇದ್ದದ್ದು ಎರಡೇ ಸಂಗತಿ. ಖಾತೆ ತೆರೆದ ಸಮಯ, ಕೊನೆಯ ಸಲ ಸರ್ವರ್‌ಗೆ ಬಂದ ದಿನ. ಬೇರೇನನ್ನೂ ಇಟ್ಟುಕೊಂಡೇ ಇರಲಿಲ್ಲ. ಇಟ್ಟುಕೊಳ್ಳದ್ದನ್ನು ಯಾರೂ ಕಿತ್ತುಕೊಳ್ಳಲಾರರು.

ಹಾಗಾದರೆ ಸಿಗ್ನಲ್ ಸಾಕಲ್ವಾ? ಬಹಳ ಜನಕ್ಕೆ ಸಾಕು. ಇದನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಆದರೆ ಅಂಚೆ ಕಚೇರಿ ಒಂದೇ. ಖಾತೆ ತೆರೆಯಲು ಫೋನ್ ನಂಬರ್ ಬೇಕೇ ಬೇಕು. 2024ರಿಂದ ಬೇರೆಯವರಿಗೆ ನಂಬರ್ ತೋರಿಸದೆ ಯೂಸರ್‌ನೇಮ್ ಕೊಡಬಹುದು ಅಷ್ಟೇ. ಆ ಒಂದು ಕಚೇರಿ ಮುಚ್ಚಿದರೆ ಊರೆಲ್ಲಾ ಸುಮ್ನೆ ಕೂರಬೇಕು.

2025ರ ಸೆಪ್ಟೆಂಬರ್ ಕೊನೆಗೆ ಚೆನ್ನೈನ ಝೋಹೋ ಕಂಪನಿಯ ಅರಟ್ಟೈ ಎಂಬ ಮೆಸೇಜಿಂಗ್ ಆ್ಯಪ್ ಇದ್ದಕ್ಕಿದ್ದಂತೆ ಮನೆಮಾತಾಯಿತು. ತಮಿಳಿನ ಅರಟ್ಟೈ ನಮ್ಮ ಹರಟೆಯ ಒಡಹುಟ್ಟು. ಹೆಸರು ನನಗೆ ಬಹಳ ಇಷ್ಟ. ಆದರೆ ಆ ದಿನಗಳಲ್ಲಿ ಅದರ ಕರೆಗಳಿಗೆ ಮಾತ್ರ ಎಂಡ್ ಟು ಎಂಡ್ ಬೀಗ ಇತ್ತು, ಮಾಮೂಲಿ ಮೆಸೇಜ್‌ಗಳಿಗೆ ಇರಲಿಲ್ಲ. ಬೀಗ ಹಾಕಿದ ಮೇಲೂ ಅದು ಒಂದೇ ಕಂಪನಿಯ ಅಂಚೆ ಕಚೇರಿಯೇ. ಕಚೇರಿ ಕ್ಯಾಲಿಫೋರ್ನಿಯಾದಿಂದ ಚೆನ್ನೈಗೆ ಬಂದರೆ ಕೆಲವರಿಗೆ ಸಮಾಧಾನ ಇರಬಹುದು. ವಿಕೇಂದ್ರೀಕರಣ ಎಂದರೆ ಅದಲ್ಲ.

ಊರಿಗೊಂದು ಅಂಚೆ ಕಚೇರಿ

ಇಮೇಲ್ ನೋಡಿ. ನಿಮ್ಮದು ಜಿಮೇಲ್, ನನ್ನದು ಯಾಹೂ, ಇನ್ನೊಬ್ಬರದು ಕಾಲೇಜಿನ ಇಮೇಲ್. ಆದರೂ ಪತ್ರ ತಲುಪುತ್ತದೆ. ಪ್ರತಿ ಊರಿಗೂ ತನ್ನದೇ ಅಂಚೆ ಕಚೇರಿ, ಅವು ತಮ್ಮತಮ್ಮಲ್ಲಿ ಚೀಲ ಬದಲಾಯಿಸಿಕೊಳ್ಳುತ್ತವೆ. ಇದಕ್ಕೆ ಫೆಡರೇಷನ್ ಎನ್ನುತ್ತಾರೆ. ಚಾಟ್‌ನಲ್ಲಿ ಈ ಮಾದರಿಯ ಹಿರಿಯಣ್ಣ ಎಕ್ಸ್‌ಎಂಪಿಪಿ. ಇದು ಆ್ಯಪ್ ಅಲ್ಲ, ಬೇರೆ ಬೇರೆ ಆ್ಯಪ್, ಸರ್ವರ್‌ಗಳು ಮಾತಾಡಿಕೊಳ್ಳಲು ಒಪ್ಪಿಕೊಂಡ ನಿಯಮ. 1999ರಲ್ಲಿ ಜೆರೆಮಿ ಮಿಲ್ಲರ್ ಎಂಬ ಅಮೆರಿಕನ್ ಪ್ರೋಗ್ರಾಮರ್ ಇದನ್ನು ಜ್ಯಾಬರ್ ಎಂಬ ಹೆಸರಲ್ಲಿ ಶುರು ಮಾಡಿದರು. 2004ರಲ್ಲಿ ಇದು ಇಂಟರ್ನೆಟ್ ಮಾನದಂಡವಾಯಿತು.

ಇದರ ಕತೆಯಲ್ಲಿ ಒಂದು ಪಾಠ ಇದೆ. 2005ರಲ್ಲಿ ಬಂದ ಗೂಗಲ್ ಟಾಕ್ ಎಕ್ಸ್‌ಎಂಪಿಪಿ ಮೇಲೆಯೇ ಕಟ್ಟಿದ್ದು. ಮುಂದಿನ ವರ್ಷ ಗೂಗಲ್ ಬೇರೆ ಸರ್ವರ್‌ಗಳಿಗೂ ಬಾಗಿಲು ತೆರೆಯಿತು. ನೀವು ಸಣ್ಣದೊಂದು ಸರ್ವರ್ ಇಟ್ಟುಕೊಂಡಿದ್ದರೂ ಜಿಮೇಲ್‌ನಲ್ಲಿರುವ ಗೆಳೆಯನ ಜೊತೆ ಹರಟಬಹುದಿತ್ತು. 2013ರಲ್ಲಿ ಅದರ ಜಾಗಕ್ಕೆ ಗೂಗಲ್‌ನದೇ ಹ್ಯಾಂಗ್‌ಔಟ್ಸ್ ಬಂತು. ಅದರಲ್ಲಿ ಈ ಬಾಗಿಲೇ ಇರಲಿಲ್ಲ. ಸಣ್ಣ ಸರ್ವರ್‌ನವರ ಗೆಳೆಯರೆಲ್ಲ ಒಬ್ಬೊಬ್ಬರಾಗಿ ಗೋಡೆಯಾಚೆ ಉಳಿದರು. ಫೆಡರೇಷನ್ ಇದ್ದರೂ ಜನರೆಲ್ಲ ಒಂದೇ ದೊಡ್ಡ ಕಚೇರಿಗೆ ಹೋಗಿ ಸೇರಿಕೊಂಡರೆ ಆಗುವುದು ಇದೇ.

ಎಕ್ಸ್‌ಎಂಪಿಪಿ ಸತ್ತಿಲ್ಲ. ಆಂಡ್ರಾಯ್ಡ್‌ನಲ್ಲಿ ಕಾನ್ವರ್ಸೇಷನ್ಸ್ ಎಂಬ ಆ್ಯಪ್ ಇದೆ. 2015ರಿಂದ ಒಮೆಮೊ ಎಂಬ ಎಂಡ್ ಟು ಎಂಡ್ ಬೀಗವೂ ಇದೆ. ಹಳೆ ಫೋನ್, ಬಡ ನೆಟ್‌ವರ್ಕ್ ಎರಡರಲ್ಲೂ ಹಗುರವಾಗಿ ಓಡುತ್ತದೆ. ನಮ್ಮ ದೇಶದಲ್ಲೇ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು ಪ್ರವ್ ಎಂಬ ಆ್ಯಪ್ ಕಟ್ಟುತ್ತಿದ್ದಾರೆ. ಅದೂ ಎಕ್ಸ್‌ಎಂಪಿಪಿ. ಬಳಸುವವರೇ ಸದಸ್ಯರಾಗಿ ಸಹಕಾರ ಸಂಘದ ಹಾಗೆ ನಡೆಸಬೇಕೆಂಬುದು ಅವರ ಆಸೆ. 1905ರಷ್ಟು ಹಿಂದೆಯೇ ಗದಗದ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಹಾಲಿನ ಡೇರಿ ನಡೆಸಿದಂತೆ ಸರ್ವರ್ ನಡೆಸುವುದು ನಮಗೇನೂ ವಿಚಿತ್ರವಾಗಿ ಕಾಣಬೇಕಿಲ್ಲ.

ಫೆಡರೇಷನ್‌ನ ಕಿರಿಯ ತಮ್ಮ ಮ್ಯಾಟ್ರಿಕ್ಸ್, 2014ರಲ್ಲಿ ಬಂದದ್ದು. ಇದೂ ಎಕ್ಸ್‌ಎಂಪಿಪಿಯಂಥ ನಿಯಮವೇ. ಅದರ ಹೆಸರುವಾಸಿ ಆ್ಯಪ್ ಎಲಿಮೆಂಟ್. ಫ್ರಾನ್ಸ್ ಸರ್ಕಾರ ತನ್ನ ನೌಕರರಿಗಾಗಿ 2019ರಲ್ಲಿ ತಂದ ಚಾಪ್ ಎಂಬ ಆ್ಯಪ್ ಮ್ಯಾಟ್ರಿಕ್ಸ್ ಮೇಲೆ ನಿಂತಿದೆ. ಜರ್ಮನಿಯ ಸೇನೆಯ ಮೆಸೆಂಜರ್ ಕೂಡ. ಅವರಿಗೆ ಬೇಕಾದದ್ದು ಸ್ವಂತ ಅಂಚೆ ಕಚೇರಿ. ಬೇರೆ ದೇಶದ ಕಂಪನಿಯ ಮರ್ಜಿ ಕಾಯಬಾರದು. ಅದನ್ನು ಮ್ಯಾಟ್ರಿಕ್ಸ್ ಚೆನ್ನಾಗಿ ಕೊಡುತ್ತದೆ.

ಹಾಗಂತ ಮ್ಯಾಟ್ರಿಕ್ಸ್‌ನಲ್ಲಿ ಗುಟ್ಟೂ ಹೆಚ್ಚು ಎಂದುಕೊಳ್ಳಬೇಡಿ. ಅಲ್ಲಿ ಒಂದು ಗ್ರೂಪ್‌ನಲ್ಲಿ ಐದು ಸರ್ವರ್‌ಗಳ ಜನ ಇದ್ದರೆ ಆ ಗ್ರೂಪ್‌ನ ಇತಿಹಾಸ ಐದೂ ಸರ್ವರ್‌ಗಳಲ್ಲಿ ನಕಲಾಗಿ ಕೂರುತ್ತದೆ. ಒಂದು ಬಿದ್ದರೂ ಉಳಿದವು ನಡೆಯಲಿ ಎಂಬ ಲೆಕ್ಕ. ಮೆಸೇಜಿನ ಒಳಗಿನದು ಬೀಗದಲ್ಲಿರುತ್ತದೆ, ನಿಜ. ಆದರೆ ಗ್ರೂಪ್‌ನ ಹೆಸರೇನು, ಯಾರ್ಯಾರು ಇದ್ದಾರೆ, ಯಾರು ಯಾವಾಗ ಬರೆದರು ಎಂಬುದು ಆ ಐದೂ ಸರ್ವರ್ ನಡೆಸುವವರಿಗೆ ಕಾಣುತ್ತದೆ. ಸಿಗ್ನಲ್‌ನಲ್ಲಿ ಒಂದೇ ಕಚೇರಿ, ಅದಕ್ಕೆ ಹೆಚ್ಚೇನೂ ಕಾಣುವುದಿಲ್ಲ. ಇಲ್ಲಿ ಐದು ಕಚೇರಿ, ಐದಕ್ಕೂ ಕಾಣುತ್ತದೆ. ದಾರಿ ಗಟ್ಟಿಯಾಯಿತು, ಕವರಿನ ಮೇಲಿನ ವಿಳಾಸ ಓದುವ ಕಣ್ಣುಗಳೂ ಜಾಸ್ತಿಯಾದವು.

ದಾರಿ ಗಟ್ಟಿ ಎಂಬುದಕ್ಕೂ ಒಂದು ಷರತ್ತಿದೆ. 2025ರ ಸೆಪ್ಟೆಂಬರ್ 2ರಂದು ಮ್ಯಾಟ್ರಿಕ್ಸ್‌ನ ಎಲ್ಲಕ್ಕಿಂತ ದೊಡ್ಡ ಸಾರ್ವಜನಿಕ ಸರ್ವರ್‌ನ ಡೇಟಾಬೇಸ್ ಕೆಟ್ಟಿತು. ಬ್ಯಾಕಪ್‌ನಿಂದ ಎತ್ತಿ ನಿಲ್ಲಿಸಲು ಸುಮಾರು ಒಂದು ದಿನ ಹಿಡಿಯಿತು. ಬೇರೆ ಸರ್ವರ್‌ಗಳಲ್ಲಿದ್ದವರು ತಮ್ಮ ಪಾಡಿಗೆ ಮಾತಾಡುತ್ತಲೇ ಇದ್ದರು. ಆದರೆ ಹೊಸಬರಲ್ಲಿ ಬಹಳ ಜನ ಖಾತೆ ತೆರೆಯುವುದು ಆ ದೊಡ್ಡ ಸರ್ವರ್‌ನಲ್ಲೇ. ಆ ದಿನ ಅವರ ಪಾಲಿಗೆ ವಿಕೇಂದ್ರೀಕರಣ ಬರೀ ಹೆಸರಿಗೆ.

ಸರಿ, ಸಣ್ಣ ಸರ್ವರ್ ಹಿಡಿದರೆ? ಅದನ್ನು ನಡೆಸುವವರು ಒಂದು ದಿನ ಬೇಸತ್ತು ಮುಚ್ಚಿದರೆ ನಿಮ್ಮ ವಿಳಾಸವೇ ಹೋಯಿತು. ಮೊಬೈಲ್ ನಂಬರ್ ಉಳಿಸಿಕೊಂಡು ಕಂಪನಿ ಬದಲಾಯಿಸುವ ಸೌಲಭ್ಯ ದೇಶಕ್ಕೆಲ್ಲ ಬಂದದ್ದು 2011ರಲ್ಲಿ. ಎಕ್ಸ್‌ಎಂಪಿಪಿ, ಮ್ಯಾಟ್ರಿಕ್ಸ್ ಎರಡರಲ್ಲೂ ಅಷ್ಟು ಸಲೀಸಾಗಿ ವಿಳಾಸ ಹೊತ್ತುಕೊಂಡು ಹೋಗಲು ಇನ್ನೂ ಆಗುವುದಿಲ್ಲ. ಹಾಗಾಗಿ ಸರ್ವರ್ ಆರಿಸುವಾಗ ಅದರ ಖರ್ಚು ಯಾರು ಕೊಡುತ್ತಾರೆ, ಎಷ್ಟು ವರ್ಷದಿಂದ ನಡೆಯುತ್ತಿದೆ ಎಂದು ಕೇಳಿ. ಚೀಟಿ ಹಾಕುವ ಮುಂಚೆ ನಡೆಸುವವರನ್ನು ನೋಡುವುದಿಲ್ಲವೇ, ಹಾಗೆ.

ಅಂಚೆ ಕಚೇರಿಯೇ ಬೇಡ ಎನ್ನುವವರು

ಮಲೆನಾಡಿನಲ್ಲಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಪೊಟ್ಟಣ ಕಳಿಸುವ ರೂಢಿ ಇದೆ. 'ಇದನ್ನು ಸಿದ್ದಾಪುರ ಸ್ಟ್ಯಾಂಡಿನಲ್ಲಿ ಕೊಡಿ, ನಮ್ಮವರು ನಿಂತಿರುತ್ತಾರೆ' ಎಂದರೆ ಆಯಿತು. ಈಗ ಒಂದು ಪೊಟ್ಟಣದೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಇಟ್ಟು ಮೂರು ಬಸ್ ಬದಲಾಯಿಸಿ ಕಳಿಸಿದಿರಿ ಎಂದುಕೊಳ್ಳಿ. ಪ್ರತಿ ಕಂಡಕ್ಟರ್ ಒಂದು ಸುತ್ತು ಕಾಗದ ಬಿಚ್ಚುತ್ತಾನೆ. ಅಲ್ಲಿ ಮುಂದಿನ ಬಸ್ ಯಾವುದು ಎಂದಷ್ಟೇ ಬರೆದಿರುತ್ತದೆ. ಮೊದಲನೆಯವನಿಗೆ ಕಳಿಸಿದವರು ಗೊತ್ತು, ಸೇರುವ ಊರು ಗೊತ್ತಿಲ್ಲ. ಕೊನೆಯವನಿಗೆ ಊರು ಗೊತ್ತು, ಕಳಿಸಿದವರು ಗೊತ್ತಿಲ್ಲ. ನಡುವಿನವನಿಗೆ ಎರಡೂ ಗೊತ್ತಿಲ್ಲ.

ಸೆಷನ್ ಎಂಬ ಆ್ಯಪ್ ಮೆಸೇಜನ್ನು ಹೀಗೆ ಕಳಿಸುತ್ತದೆ. ಫೋನ್ ನಂಬರ್ ಬೇಡ, ಇಮೇಲ್ ಬೇಡ. 66 ಅಕ್ಷರಗಳ ಒಂದು ಐಡಿ ಕೊಡುತ್ತದೆ, ಅದೇ ನಿಮ್ಮ ವಿಳಾಸ. ಕೈಯಲ್ಲಿ ಬರೆದುಕೊಡಲು ಆಗುವಂಥದ್ದಲ್ಲ, ಕ್ಯೂಆರ್ ಕೋಡ್ ತೋರಿಸಬೇಕು. ಅದರ ಮೇಲೊಂದು ಗಂಭೀರ ದೂರು ಇದೆ. ಸಿಗ್ನಲ್‌ನಲ್ಲಿ ಬೀಗದ ಕೀಲಿ ಮತ್ತೆ ಮತ್ತೆ ಬದಲಾಗುತ್ತದೆ. ಇವತ್ತಿನ ಕೀಲಿ ಕಳ್ಳನ ಕೈಗೆ ಸಿಕ್ಕರೂ ಹೋದ ವರ್ಷದ ಮೆಸೇಜ್ ತೆರೆಯಲಾಗದು. ಸೆಷನ್ ತನ್ನ ಜಾಲ ಕಟ್ಟುವಾಗ ಈ ಗುಣವನ್ನು ಕೈಬಿಟ್ಟಿತ್ತು.

ಸಿಂಪಲ್‌ಎಕ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ವಿಳಾಸವನ್ನೇ ತೆಗೆದುಹಾಕಿದೆ. ಅಲ್ಲಿ ನಿಮಗೆ ಐಡಿ ಎಂಬುದೇ ಇಲ್ಲ. ಅಕ್ಕನಿಗೆ ಒಂದು ಅಂಚೆ ಡಬ್ಬಿ, ಆಫೀಸಿನ ಗೆಳೆಯನಿಗೆ ಇನ್ನೊಂದು ಡಬ್ಬಿ. ಎರಡೂ ಒಬ್ಬರದ್ದೇ ಎಂದು ಸರ್ವರ್‌ಗೆ ತಿಳಿಯದು. ಕವರಿನ ಹೊರಮೈಯನ್ನು ಖಾಲಿ ಬಿಡುವ ಈ ಕಲ್ಪನೆ ನನಗೆ ಬಹಳ ಹಿಡಿಸಿದೆ. ಕಷ್ಟವೂ ಅಲ್ಲೇ ಇದೆ. ಖಾತೆಯೇ ಇಲ್ಲದ ಮೇಲೆ ಮರಳಿ ಪಡೆಯುವುದು ಏನನ್ನು? ಫೋನ್ ಕಳೆದರೆ, ನೀವೇ ಬ್ಯಾಕಪ್ ತೆಗೆದಿಟ್ಟಿರದಿದ್ದರೆ, ಎಲ್ಲ ಡಬ್ಬಿಗಳೂ ಹೋದಂತೆ.

ಬ್ರಯರ್ ಎಂಬ ಆ್ಯಪ್‌ನದು ನೇರ ಕೈಯಿಂದ ಕೈಗೆ. ಇಂಟರ್ನೆಟ್ ಇದ್ದರೆ, ಆ ಬಸ್ ಪೊಟ್ಟಣದ ಹಾಗೆಯೇ ಸುತ್ತಿ ಕಳಿಸುವ ಟಾರ್ ಜಾಲದ ಮೂಲಕ, ಇಲ್ಲದಿದ್ದರೆ ಹತ್ತಿರದಲ್ಲಿರುವವರಿಗೆ ಬ್ಲೂಟೂತ್ ಅಥವಾ ವೈಫೈನಲ್ಲಿ. ನಡುವೆ ಕಚೇರಿ ಇಲ್ಲದ್ದರಿಂದ ಇಬ್ಬರೂ ಒಂದೇ ಹೊತ್ತಿಗೆ ಆನ್‌ಲೈನ್ ಇರಬೇಕು. ಬ್ರಯರ್‌ನವರೇ ಇದಕ್ಕೆ ಮೇಲ್‌ಬಾಕ್ಸ್ ಎಂಬ ಇನ್ನೊಂದು ಆ್ಯಪ್ ಕೊಟ್ಟಿದ್ದಾರೆ. ಮನೆಯಲ್ಲಿ ಬಿದ್ದಿರುವ ಹಳೆ ಫೋನಿಗೆ ಹಾಕಿ ಚಾರ್ಜಿಗಿಟ್ಟರೆ ಅದೇ ನಿಮ್ಮ ಪುಟ್ಟ ಅಂಚೆ ಡಬ್ಬಿ. ಐಫೋನ್‌ಗೆ ಬ್ರಯರ್ ಇಲ್ಲ, ಕರೆ ಮಾಡಲೂ ಆಗುವುದಿಲ್ಲ. ಕರೆ, ವಿಡಿಯೋ ಬೇಕೆಂದರೆ ಜಾಮಿ ಇದೆ. ಆದರೆ ನೇರ ಸಂಪರ್ಕ ಎಂದರೆ ನಿಮ್ಮ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಎದುರಿನವರಿಗೆ ಕಾಣಬಹುದು ಎಂಬುದು ನೆನಪಿರಲಿ. ಮನೆಯವರಿಗಾದರೆ ಪರವಾಗಿಲ್ಲ. ಅಪರಿಚಿತರಿಗಾದರೆ ಯೋಚಿಸಿ.

ಇನ್ನು ಬ್ಲೂಟೂತ್ ಸರಪಳಿಯ ಆ್ಯಪ್‌ಗಳು. ಒಂದು ಫೋನಿನಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಹಾರುತ್ತಾ ಹೋಗುವಂಥವು. 2019ರ ಹಾಂಗ್‌ಕಾಂಗ್ ಪ್ರತಿಭಟನೆಯಲ್ಲಿ ಬ್ರಿಡ್ಜ್‌ಫೈ ಹೀಗೆ ಹೆಸರು ಮಾಡಿತು. ಮರುವರ್ಷ ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇ ಕಾಲೇಜಿನ ಸಂಶೋಧಕರು ಅದನ್ನು ಬಿಚ್ಚಿ ನೋಡಿದರು. ಬಳಸುವವರನ್ನು ಹಿಂಬಾಲಿಸಬಹುದು, ಅವರ ಮೆಸೇಜ್ ಓದಬಹುದು, ಅವರ ಹೆಸರಲ್ಲಿ ಬರೆಯಬಹುದು, ಒಂದೇ ಮೆಸೇಜಿನಿಂದ ಇಡೀ ಜಾಲವನ್ನೇ ಮಲಗಿಸಬಹುದು ಎಂದು ತೋರಿಸಿದರು. ಅಂಚೆ ಕಚೇರಿಯೇ ಇಲ್ಲದ ವ್ಯವಸ್ಥೆ, ಆದರೂ ಹೋಗುತ್ತಿದ್ದದ್ದು ಪೋಸ್ಟ್‌ಕಾರ್ಡು! 2025ರ ಜುಲೈನಲ್ಲಿ ಟ್ವಿಟರ್ ಕಟ್ಟಿದವರಲ್ಲಿ ಒಬ್ಬರಾದ ಜ್ಯಾಕ್ ಡಾರ್ಸಿ ಇಂಥದ್ದೇ ಬಿಟ್‌ಚಾಟ್ ತಂದಾಗಲೂ ಮೊದಲ ದಿನಗಳಲ್ಲೇ ದೋಷಗಳು ಹೊರಬಿದ್ದವು. ಚಾರಣದಲ್ಲಿ, ಜಾತ್ರೆಯಲ್ಲಿ 'ಎಲ್ಲಿದ್ದೀಯಾ' ಎಂದು ಕೇಳಲು ಇಂಥವು ಚೆಂದ. ಗುಟ್ಟಿನ ವಿಷಯಕ್ಕೆ ಹೊಸ ಆ್ಯಪ್ ಬೇಡ. ನಾಲ್ಕು ಜನ ತಜ್ಞರು ಅದನ್ನು ಜಾಲಾಡಿಸುವವರೆಗೆ ಕಾಯಿರಿ.

ಕಾನೂನಿನ ಮಾತನ್ನೂ ಆಡಬೇಕು. 2021ರ ಐಟಿ ನಿಯಮಗಳ ಪ್ರಕಾರ 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಮೆಸೇಜಿಂಗ್ ಕಂಪನಿ, ಆದೇಶ ಬಂದರೆ ಒಂದು ಮೆಸೇಜನ್ನು ಮೊದಲು ಕಳಿಸಿದವರು ಯಾರೆಂದು ಹೇಳಬೇಕು. ವಾಟ್ಸಾಪ್ ಇದರ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಯಿತು. ಬೀಗ ಮುರಿಯಲೇಬೇಕೆಂದರೆ ಭಾರತ ಬಿಟ್ಟು ಹೋಗುತ್ತೇವೆ ಎಂದು 2024ರಲ್ಲಿ ಅದರ ವಕೀಲರು ಹೇಳಿದರು. ಸಣ್ಣ ಆ್ಯಪ್‌ಗಳ ಪಾಡು ಬೇರೆ. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜಮ್ಮು ಕಾಶ್ಮೀರದ ಭದ್ರತೆಯ ಕಾರಣ ಕೊಟ್ಟು 14 ಮೆಸೇಜಿಂಗ್ ಆ್ಯಪ್‌ಗಳಿಗೆ ತಡೆ ಹಾಕಿದ ಸುದ್ದಿ ಬಂತು. ಆ ಪಟ್ಟಿಯಲ್ಲಿ ಎಲಿಮೆಂಟ್, ಬ್ರಯರ್ ಎರಡೂ ಇದ್ದವು. ಎಲಿಮೆಂಟ್ ಒಂದು ಆ್ಯಪ್ ಅಷ್ಟೇ, ಅದರ ಕೆಳಗಿನ ಮ್ಯಾಟ್ರಿಕ್ಸ್ ಯಾರೊಬ್ಬರ ಸ್ವತ್ತೂ ಅಲ್ಲ. ನೋಟಿಸ್ ಯಾವ ಬಾಗಿಲಿಗೆ ಅಂಟಿಸಬೇಕು? ಸರ್ಕಾರಕ್ಕೆ ಇದೇ ತಲೆನೋವು, ಈ ಆ್ಯಪ್‌ಗಳನ್ನು ಇಷ್ಟಪಡುವವರಿಗೆ ಇದೇ ಸಮಾಧಾನ.

ಹಾಗಾದರೆ ಯಾವುದು?

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಮನೆಯವರು, ಗೆಳೆಯರು, ಮಾತು ಸೋರಬಾರದು ಎಂಬುದಷ್ಟೇ ಚಿಂತೆ ಎಂದಾದರೆ ಸಿಗ್ನಲ್. ಅದು ವಿಕೇಂದ್ರೀಕೃತ ಅಲ್ಲ ಎಂದು ಗೊತ್ತಿದ್ದೇ ಬಳಸಿ. ನಲವತ್ತು ಜನರ ಒಂದು ಸಂಸ್ಥೆ ಇದೆ, ವರ್ಷಗಟ್ಟಲೆ ಮಾತುಕತೆ ನಿಮ್ಮ ಕೈಯಲ್ಲೇ ಉಳಿಯಬೇಕು, ಸರ್ವರ್ ನೋಡಿಕೊಳ್ಳುವ ಒಬ್ಬ ಹುಡುಗನೋ ಹುಡುಗಿಯೋ ಇದ್ದಾರೆ ಎಂದಾದರೆ ಮ್ಯಾಟ್ರಿಕ್ಸ್. ಹಗುರವಾದದ್ದೇ ಸಾಕು ಎಂದರೆ ಎಕ್ಸ್‌ಎಂಪಿಪಿ. ಪತ್ರಕರ್ತರಿಗೆ ಸುದ್ದಿ ಕೊಡುವವರಂತೆ 'ನಾವಿಬ್ಬರು ಮಾತಾಡಿದೆವು' ಎಂಬುದೇ ಗುಟ್ಟಾಗಿರಬೇಕಾದವರಿಗೆ ಸಿಂಪಲ್‌ಎಕ್ಸ್. ಬ್ರಯರ್ ನೆಟ್ ಇಲ್ಲದ ಜಾಗಕ್ಕೆ.

ಯಾವುದನ್ನು ಹಿಡಿದರೂ ಎರಡು ತೂತು ಉಳಿಯುತ್ತವೆ. ಒಂದು, ನೋಟಿಫಿಕೇಷನ್. ಬಹಳಷ್ಟು ಆ್ಯಪ್‌ಗಳ 'ಹೊಸ ಮೆಸೇಜ್ ಬಂದಿದೆ' ಎಂಬ ಸದ್ದು ಗೂಗಲ್ ಅಥವಾ ಆ್ಯಪಲ್ ಸರ್ವರ್ ಹಾದು ಬರುತ್ತದೆ. ಸರ್ಕಾರಗಳು ಆ ಮಾಹಿತಿಯನ್ನೂ ಕೇಳಿ ಪಡೆಯುತ್ತಿವೆ ಎಂದು 2023ರ ಡಿಸೆಂಬರ್‌ನಲ್ಲಿ ಅಮೆರಿಕದ ಸೆನೆಟರ್ ರಾನ್ ವೈಡನ್ ಬಹಿರಂಗ ಮಾಡಿದರು. ಇನ್ನೊಂದು, ನಾವೇ. 2025ರ ಮಾರ್ಚ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಲಹೆಗಾರರು ಯೆಮೆನ್ ಮೇಲಿನ ದಾಳಿಯ ಬಗ್ಗೆ ಮಾತಾಡುವ ಸಿಗ್ನಲ್ ಗ್ರೂಪಿಗೆ ಒಬ್ಬ ಪತ್ರಿಕಾ ಸಂಪಾದಕರನ್ನು ಸೇರಿಸಿಬಿಟ್ಟಿದ್ದರು. ಬೀಗ ಏನು ಮಾಡೀತು, ಪಾಪ.

ಮನೆಯಲ್ಲಿ ನಾನೂ ಒಂದು ಪ್ರಯೋಗ ಮಾಡಿದ್ದೆ. ಎಲ್ಲರಿಗೂ ಒಂದು ಫೆಡರೇಟೆಡ್ ಆ್ಯಪ್ ಹಾಕಿಕೊಟ್ಟೆ. ಮೊದಲ ವಾರವೇ ಅಮ್ಮನ ಫೋನಿನಲ್ಲಿ ಬೆಳಗಿನ ಮೆಸೇಜ್ ಸಂಜೆ ಬರತೊಡಗಿತು. ಬ್ಯಾಟರಿ ಉಳಿಸುವ ನೆಪದಲ್ಲಿ ಫೋನೇ ಆ್ಯಪನ್ನು ಹಿಂದಿನಿಂದ ಕತ್ತು ಹಿಸುಕುತ್ತಿತ್ತು. 'ನಿನ್ನ ಹೊಸ ಆ್ಯಪಿಗಿಂತ ಒಂದು ಫೋನ್ ಮಾಡು ಮಾರಾಯ' ಎಂದರು ಅಮ್ಮ. ಬ್ಯಾಟರಿ ಸೆಟಿಂಗ್‌ನಲ್ಲಿ ಆ ಆ್ಯಪಿಗೆ ನಿರ್ಬಂಧ ತೆಗೆದ ಮೇಲೆ ಸರಿಹೋಯಿತು. ಅಷ್ಟರಲ್ಲಿ ಚಿಕ್ಕಪ್ಪ, ಅತ್ತೆ, ಅವರ ಮಕ್ಕಳೆಲ್ಲ ಹಳೆ ಗ್ರೂಪಿಗೆ ವಾಪಸ್.

ಈಗ ಹೊಸದರಲ್ಲಿ ಉಳಿದಿರುವುದು ನಾಲ್ಕೇ ಜನ. ಅಪ್ಪನ ರಕ್ತ ಪರೀಕ್ಷೆಯ ರಿಪೋರ್ಟು, ತೋಟದ ಪಹಣಿ, ಬ್ಯಾಂಕಿನ ಕಾಗದ, ಅಕ್ಕ ತಂಗಿಯರ ಕಷ್ಟಸುಖ ಅಲ್ಲಿ ಹೋಗುತ್ತವೆ. ಗುಲಾಬಿ ಹೂವಿನ ಗುಡ್ ಮಾರ್ನಿಂಗ್‌ಗಳೆಲ್ಲ ಹಳೆ ಗ್ರೂಪಿನಲ್ಲೇ, ದಿನಾ ಬೆಳಗ್ಗೆ ಆರಕ್ಕೆ, ಚಿಕ್ಕಪ್ಪನಿಂದ.